ಗದ್ದಲದಲ್ಲಿ ಅಡಗಿದ ಟೋನ್: ಅಡಾಪ್ಟಿವ್ ಫಿಲ್ಟರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಹ್ಯಾಮ್ (ಹವ್ಯಾಸಿ) ರೇಡಿಯೊ ಗೆಳೆಯರು, ಫೈನಲ್ ಇಯರ್ ಪ್ರಾಜೆಕ್ಟ್ ಮಾಡುತ್ತಿರುವ ಮೈಸೂರು-ಮಂಡ್ಯದ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಮೋಟರ್ ರಿವೈಂಡಿಂಗ್ ಮಾಡುವವರು: ಇವರೆಲ್ಲ ಮಾತಿನಲ್ಲಿ, ಪತ್ರದಲ್ಲಿ, ಕಾಮೆಂಟ್‌ನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೇಳಿದ್ದು ಬೇರೆ ಬೇರೆ ಕಾರಣಕ್ಕೆ, ಆದರೆ ಸಮಸ್ಯೆ ಒಂದೇ. ಗದ್ದಲದಲ್ಲಿ ಮುಳುಗಿರುವ ಒಂದು ಸಣ್ಣ ಟೋನ್, ಅಂದರೆ ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದೇ ಸಮನೆ ಬರುವ ಸಿಗ್ನಲ್, ಇದೆಯಾ ಇಲ್ಲವಾ ಅಂತ ಹೇಳಬೇಕು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದಿಂದ ಕಷ್ಟದ ಕಡೆಗೆ ಹೋಗುತ್ತವೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಅರ್ಥವಾಗಬೇಕು.

## ಮೊದಲಿಗೆ

ಅಡಾಪ್ಟಿವ್ ಫಿಲ್ಟರ್ ಅಂದ್ರೆ ಏನು? ಮಾಮೂಲಿ ಫಿಲ್ಟರ್ ಯಾಕೆ ಸಾಲಲ್ಲ?

ಮಾಮೂಲಿ ಡಿಜಿಟಲ್ ಫಿಲ್ಟರ್‌ನ ಒಳಗೆ ಒಂದಷ್ಟು ಸಂಖ್ಯೆಗಳಿರುತ್ತವೆ. ಅವಕ್ಕೆ ವೆಯ್ಟ್ ಅನ್ನುತ್ತೇವೆ. ಬರುವ ಸ್ಯಾಂಪಲ್‌ಗಳನ್ನು (ಸಿಗ್ನಲ್ ಅನ್ನು ಗಳಿಗೆಗಳಿಗೆಗೆ ಅಳೆದ ಸಂಖ್ಯೆಗಳನ್ನು) ಇವುಗಳಿಂದ ಗುಣಿಸಿ ಕೂಡಿದರೆ ಔಟ್‌ಪುಟ್. ಯಾವ ಫ್ರೀಕ್ವೆನ್ಸಿ ಬೇಕು ಅಂತ ಮೊದಲೇ ಗೊತ್ತಿದ್ದರೆ ಆ ವೆಯ್ಟ್‌ಗಳನ್ನು ಒಂದು ಸಲ ಲೆಕ್ಕ ಹಾಕಿ ಕೂರಿಸಿದರೆ ಆಯಿತು.

ಫ್ರೀಕ್ವೆನ್ಸಿ ಗೊತ್ತಿಲ್ಲದಿದ್ದರೆ? ಅಥವಾ ಗೊತ್ತಿದ್ದೂ ಅದು ನಿಧಾನವಾಗಿ ಅತ್ತಿತ್ತ ಸರಿಯುತ್ತಿದ್ದರೆ? ಆಗ ಫಿಲ್ಟರ್ ತನ್ನ ವೆಯ್ಟ್‌ಗಳನ್ನು ತಾನೇ ತಿದ್ದಿಕೊಳ್ಳಬೇಕು. ಪ್ರತಿ ಸ್ಯಾಂಪಲ್ ಬಂದಾಗಲೂ ತನ್ನ ತಪ್ಪು ಎಷ್ಟು ಅಂತ ನೋಡಿ, ಆ ತಪ್ಪು ಕಡಿಮೆಯಾಗುವ ಕಡೆಗೆ ಸ್ವಲ್ಪ ಸರಿಯುತ್ತದೆ. ಇಷ್ಟೇ ಅಡಾಪ್ಟಿವ್ ಫಿಲ್ಟರ್.

ಸಿಗ್ನಲ್ ಎಲ್ಲಿದೆ ಅಂತ ನಮಗೇ ಗೊತ್ತಿಲ್ಲ. ಫಿಲ್ಟರ್‌ಗೆ ಹೇಗೆ ಗೊತ್ತಾಗುತ್ತೆ ಸರ್?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಇದರ ಉತ್ತರ ಮನಸ್ಸಿಗೆ ಹಿಡಿಸಿದರೆ ಮಿಕ್ಕಿದ್ದು ತಾನಾಗಿ ಬರುತ್ತದೆ.

ಮದುವೆ ಮನೆಯನ್ನು ನೆನೆಸಿಕೊಳ್ಳಿ. ಜನರ ಮಾತು, ಪಾತ್ರೆ ಸದ್ದು, ಮಕ್ಕಳ ಕೂಗು. ಮುಂದಿನ ಗಳಿಗೆಯಲ್ಲಿ ಯಾವ ಸದ್ದು ಬರುತ್ತದೆ ಅಂತ ಯಾರೂ ಹೇಳಲಾರರು. ಆದರೆ ಓಲಗದ ಜೊತೆ ಒಂದೇ ಸಮನೆ ಹಿಡಿದಿರುವ ಶ್ರುತಿ ಮುಂದಿನ ಗಳಿಗೆಯಲ್ಲೂ ಅದೇ ಆಗಿರುತ್ತದೆ. ಗದ್ದಲವನ್ನು ಮೊದಲೇ ಊಹಿಸಲು ಆಗಲ್ಲ, ಟೋನ್ ಅನ್ನು ಊಹಿಸಬಹುದು. ವ್ಯತ್ಯಾಸ ಇರುವುದು ಇಲ್ಲೇ.

ಅದಕ್ಕೇ ಫಿಲ್ಟರ್‌ಗೆ ಹೀಗೊಂದು ಕೆಲಸ ಕೊಡುತ್ತೇವೆ: ಹಳೆಯ ಸ್ಯಾಂಪಲ್‌ಗಳನ್ನು ನೋಡಿ ಈಗಿನ ಸ್ಯಾಂಪಲ್ ಎಷ್ಟಿರಬಹುದು ಅಂತ ಊಹಿಸು. ಆ ಹಳೆಯ ಸ್ಯಾಂಪಲ್‌ಗಳು ಸ್ವಲ್ಪ ಡಿಲೇ ಆದ ಮೇಲೆ ಫಿಲ್ಟರ್‌ಗೆ ಸಿಗುತ್ತವೆ. ಅಷ್ಟು ಹೊತ್ತಿಗೆ ಹಳೆಯ ಗದ್ದಲಕ್ಕೂ ಈಗಿನ ಗದ್ದಲಕ್ಕೂ ಸಂಬಂಧ ಉಳಿದಿರುವುದಿಲ್ಲ. ಉಳಿಯುವುದು ಟೋನ್ ಮಾತ್ರ. ಫಿಲ್ಟರ್ ಊಹೆಯನ್ನು ಸುಧಾರಿಸಿಕೊಳ್ಳುತ್ತಾ ಹೋದಂತೆ ಅದರ ವೆಯ್ಟ್‌ಗಳು ಅದೇ ಟೋನ್‌ನ ಆಕಾರ ಪಡೆಯುತ್ತವೆ. ಈ ಜೋಡಣೆಯ ಹೆಸರು ಅಡಾಪ್ಟಿವ್ ಲೈನ್ ಎನ್‌ಹಾನ್ಸರ್. ಇಲ್ಲಿಂದ ಮುಂದೆ ಲೈನ್ ಎನ್‌ಹಾನ್ಸರ್ ಅಂತ ಬರೆಯುತ್ತೇನೆ.

ಇದು ಹೊಸದಾ? ಯಾರು ಮಾಡಿದ್ದು?

ಹೊಸದಲ್ಲ. ವೆಯ್ಟ್ ತಿದ್ದುವ ಎಲ್‌ಎಂಎಸ್ ವಿಧಾನವನ್ನು ಸ್ಟ್ಯಾನ್‌ಫರ್ಡ್‌ನಲ್ಲಿ ಬರ್ನಾರ್ಡ್ ವಿಡ್ರೋ ಮತ್ತು ಅವರ ವಿದ್ಯಾರ್ಥಿ ಟೆಡ್ ಹಾಫ್ 1960ರಲ್ಲಿ ಪ್ರಕಟಿಸಿದರು. ಇದೇ ಹಾಫ್ ಆಮೇಲೆ ಇಂಟೆಲ್‌ಗೆ ಹೋಗಿ ಮೊದಲ ಮೈಕ್ರೊಪ್ರೊಸೆಸರ್ ರೂಪಿಸಿದವರಲ್ಲಿ ಒಬ್ಬರಾದರು. ಡಿಲೇ ಇಟ್ಟು ಟೋನ್ ಹಿಡಿಯುವ ಜೋಡಣೆಯನ್ನು ವಿಡ್ರೋ ಮತ್ತು ಸಂಗಡಿಗರು 1975ರಲ್ಲಿ ವಿವರಿಸಿದರು.

ನಾಯ್ಸ್ ಕ್ಯಾನ್ಸಲ್ ಮಾಡೋಕೆ ಎರಡು ಮೈಕ್ ಬೇಕಲ್ವಾ? ಇಲ್ಲಿ ಒಂದೇ ಇದೆಯಲ್ಲ?

ಎರಡು ಬೇರೆ ಬೇರೆ ಜೋಡಣೆಗಳು. ಎರಡು ಸೆನ್ಸರ್ ಇರುವ ಕಡೆ ಒಂದು ಸಿಗ್ನಲ್ ಮತ್ತು ಗದ್ದಲ ಎರಡನ್ನೂ ಹಿಡಿಯುತ್ತದೆ, ಇನ್ನೊಂದು ಗದ್ದಲವನ್ನು ಮಾತ್ರ. ಎರಡನೆಯದನ್ನು ಹದ ಮಾಡಿ ಮೊದಲನೆಯದರಿಂದ ಕಳೆಯುತ್ತೇವೆ. ತಾಯಿಯ ಹೃದಯದ ಬಡಿತವನ್ನು ಕಳೆದು ಮಗುವಿನ ಇಸಿಜಿ ಪಡೆಯುವುದಕ್ಕೆ ಈ ವಿಧಾನ ಬಳಸಿದ್ದಾರೆ. ಲೈನ್ ಎನ್‌ಹಾನ್ಸರ್‌ನಲ್ಲಿ ಎರಡನೆಯ ಸೆನ್ಸರ್ ಇಲ್ಲ. ಅದೇ ಸಿಗ್ನಲ್‌ನ ಹಳೆಯ ರೂಪವೇ ಆ ಜಾಗದಲ್ಲಿ ಕೂರುತ್ತದೆ. ಟೋನ್ ಇರುವ ಕಡೆ ಮಾತ್ರ ಇದು ನಡೆಯುತ್ತದೆ.

ಹಿಯರಿಂಗ್ ಏಡ್ ಒಳಗೂ ಇದೇನಾ? ಅಪ್ಪಂಗೆ ಕೊಳಲು ಕೇಳಿದ್ರೆ ಜೊತೆಗೆ ಏನೋ ಕಂಪಿಸಿದ ಹಾಗೆ ಕೇಳುತ್ತಂತೆ.

ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ನಮ್ಮೂರಲ್ಲೇ ಇರುವುದರಿಂದಲೋ ಏನೋ, ಈ ಪ್ರಶ್ನೆ ಮೈಸೂರಿನಲ್ಲಿ ಜಾಸ್ತಿ ಬರುತ್ತದೆ. ಹಿಯರಿಂಗ್ ಏಡ್‌ನ ಸ್ಪೀಕರ್ ಸದ್ದು ಮತ್ತೆ ಮೈಕ್‌ಗೆ ಸೇರಿದರೆ ಕುಯ್ ಅಂತ ಕೂಗುತ್ತದೆ. ಅದನ್ನು ತಡೆಯಲು ಒಳಗೊಂದು ಅಡಾಪ್ಟಿವ್ ಫಿಲ್ಟರ್ ಇರುತ್ತದೆ. ಕೊಳಲಿನ ಉದ್ದ ಸ್ವರವೂ ಕೂಗಿನ ಹಾಗೇ ಒಂದೇ ಸಮನೆ ಇರುವ ಟೋನ್. ಫಿಲ್ಟರ್ ಅದನ್ನೂ ಕೂಗು ಅಂತ ತಿಳಿದು ಕಳೆಯಲು ಹೋಗುತ್ತದೆ, ಹಾಗಾಗಿ ಬೇಡದ ಸದ್ದು ಸೇರಿಕೊಳ್ಳುತ್ತದೆ. ಬಹಳಷ್ಟು ಏಡ್‌ಗಳಲ್ಲಿ ಸಂಗೀತಕ್ಕೆ ಬೇರೆ ಪ್ರೋಗ್ರಾಂ ಇರುತ್ತದೆ. ಆಡಿಯಾಲಜಿಸ್ಟ್ ಹತ್ತಿರ ಕೇಳಿ ಹಾಕಿಸಿಕೊಳ್ಳಿ.

## ಕೋಡ್ ಬರೆಯುವಾಗ

ಕೋಡ್ ತುಂಬಾ ದೊಡ್ಡದಾ? ಯಾವ ಲೈಬ್ರರಿ ಬೇಕು?

ಯಾವುದೂ ಬೇಡ. ಪೈಥಾನ್‌ನಲ್ಲಿ ಹತ್ತು ಹದಿನೈದು ಸಾಲು. ಮೊದಲ ಸಲ ನೀವೇ ಬರೆಯಿರಿ, ಸಿದ್ಧ ಕೋಡ್ ತರಬೇಡಿ.

ಪ್ರತಿ ಸ್ಯಾಂಪಲ್‌ಗೆ ಮೂರು ಕೆಲಸ. ಮೊದಲು, ಡಿಲೇ ಆದ ಹಳೆಯ ಸ್ಯಾಂಪಲ್‌ಗಳ ಸಾಲನ್ನು ವೆಯ್ಟ್‌ಗಳಿಂದ ಗುಣಿಸಿ ಕೂಡಿ. ಅದು ಊಹೆ. ಎರಡನೆಯದು, ಈಗ ಬಂದ ಸ್ಯಾಂಪಲ್‌ನಿಂದ ಊಹೆಯನ್ನು ಕಳೆಯಿರಿ. ಅದು ತಪ್ಪು. ಮೂರನೆಯದು, ಪ್ರತಿ ವೆಯ್ಟ್‌ಗೂ ಒಂದು ಸಣ್ಣ ತಿದ್ದುಪಡಿ ಸೇರಿಸಿ: ಮ್ಯೂ (ಒಂದು ಸಲಕ್ಕೆ ಎಷ್ಟು ತಿದ್ದಬೇಕು ಅಂತ ಹೇಳುವ, ನೀವೇ ಆರಿಸುವ ಸಣ್ಣ ಸಂಖ್ಯೆ) ಗುಣಿಸು ತಪ್ಪು ಗುಣಿಸು ಆ ಜಾಗದ ಹಳೆಯ ಸ್ಯಾಂಪಲ್, ಇದನ್ನು ಆ ಸಾಲಿನ ಸ್ಯಾಂಪಲ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಬೇಕು. ಹೀಗೆ ಭಾಗಿಸುವ ವಿಧಾನಕ್ಕೆ ಎನ್‌ಎಲ್‌ಎಂಎಸ್ ಅನ್ನುತ್ತಾರೆ. ವಾಲ್ಯೂಮ್ ಏರಿಳಿದರೂ ಮ್ಯೂ ಬದಲಿಸಬೇಕಿಲ್ಲ, ಅದಕ್ಕೇ ಶುರುಮಾಡುವವರಿಗೆ ಇದನ್ನೇ ಹೇಳುತ್ತೇನೆ. ಮೊತ್ತ ಸೊನ್ನೆಯಾದರೆ ಭಾಗಾಕಾರ ಕೆಡುತ್ತದೆ, ಒಂದು ತೀರಾ ಸಣ್ಣ ಸಂಖ್ಯೆ ಸೇರಿಸಿಡಿ.

ಟೋನ್ ಇರುವುದು ಊಹೆಯಲ್ಲಿ. ಟೋನ್ ಕಳೆದ ಗದ್ದಲ ಇರುವುದು ತಪ್ಪಿನಲ್ಲಿ. ತುಂಬ ಜನ ಇವೆರಡನ್ನು ಅದಲು ಬದಲು ಮಾಡಿ ಪ್ಲಾಟ್ ಹಾಕುತ್ತಾರೆ.

ಡಿಲೇ ಎಷ್ಟಿಡಬೇಕು? ನೋಡಿದ ಕೋಡ್‌ನಲ್ಲೆಲ್ಲ 1 ಅಂತಿದೆ.

1 ಸರಿಯಾಗುವುದು ಗದ್ದಲ ಪೂರ್ತಿ ಬಿಳಿಯಾಗಿದ್ದಾಗ ಮಾತ್ರ. ಅಂದರೆ ಪಕ್ಕಪಕ್ಕದ ಎರಡು ಸ್ಯಾಂಪಲ್‌ಗಳಿಗೂ ಸಂಬಂಧ ಇಲ್ಲದಾಗ. ಕಂಪ್ಯೂಟರ್ ಹುಟ್ಟಿಸಿದ ಗದ್ದಲದಲ್ಲಿ ಹಾಗಿರುತ್ತದೆ. ನಿಜವಾದ ಗದ್ದಲದಲ್ಲಿ ಅಪರೂಪ. ಸಿಮ್ಯುಲೇಶನ್‌ನಲ್ಲಿ ಚೆನ್ನಾಗಿ ನಡೆದದ್ದು ರೇಡಿಯೊಗೆ ಹಚ್ಚಿದ ಕೂಡಲೇ ಕೈಕೊಡುವುದು ಈ ಕಾರಣಕ್ಕೇ. ಡಿಲೇ ಆರಿಸುವಾಗ ಟೋನ್ ಬಗ್ಗೆ ಯೋಚಿಸಬೇಡಿ, ಗದ್ದಲದ ಬಗ್ಗೆ ಯೋಚಿಸಿ.

ಗದ್ದಲ ಎಷ್ಟು ಅಗಲದ (ಎಷ್ಟು ಹರ್ಟ್ಸ್ ವ್ಯಾಪ್ತಿಯನ್ನು ಬಿಡುವ) ಫಿಲ್ಟರ್ ದಾಟಿ ಬಂದಿದೆಯೋ ಅದರ ಮೇಲೆ ಅದರ ನೆನಪು ಎಷ್ಟು ಉದ್ದ ಅನ್ನುವುದು ನಿಂತಿದೆ. ಸುಮಾರಾಗಿ ಹೇಳಿದರೆ ಒಂದನ್ನು ಅಗಲದಿಂದ ಭಾಗಿಸಿ. ಮಾತಿಗೆ ಇಟ್ಟ 2400 ಹರ್ಟ್ಸ್ ಫಿಲ್ಟರ್ ಆದರೆ ಸುಮಾರು 0.4 ಮಿಲಿಸೆಕೆಂಡ್. ಸೌಂಡ್ ಕಾರ್ಡ್ ಸೆಕೆಂಡಿಗೆ 48000 ಸ್ಯಾಂಪಲ್‌ನಲ್ಲಿ ಓಡುತ್ತಿದ್ದರೆ ಅದು 20 ಸ್ಯಾಂಪಲ್. ಮೋರ್ಸ್‌ಗೆ ಇಡುವ 500 ಹರ್ಟ್ಸ್ ಫಿಲ್ಟರ್ ಆದರೆ 2 ಮಿಲಿಸೆಕೆಂಡ್, ಅಂದರೆ 96 ಸ್ಯಾಂಪಲ್. ಡಿಲೇ ಕನಿಷ್ಠ ಇದರ ಎರಡು ಮೂರು ಪಟ್ಟು ಇರಲಿ. ಕಡಿಮೆ ಇಟ್ಟರೆ ಫಿಲ್ಟರ್ ಗದ್ದಲವನ್ನೇ ಊಹಿಸಲು ಕಲಿಯುತ್ತದೆ, ಔಟ್‌ಪುಟ್‌ನಲ್ಲಿ ಇಲ್ಲದ ಟೋನ್ ಇದ್ದ ಹಾಗೆ ಕೇಳುತ್ತದೆ.

ಇನ್ನೂ ಒಳ್ಳೆಯ ದಾರಿ ಅಂದರೆ ಅಳೆಯುವುದು. ಸಿಗ್ನಲ್ ಇಲ್ಲದ ಹೊತ್ತಿನಲ್ಲಿ ಗದ್ದಲವನ್ನು ರೆಕಾರ್ಡ್ ಮಾಡಿ ಆಟೊಕೋರಿಲೇಶನ್ (ಗದ್ದಲಕ್ಕೂ ಅದರದೇ ಹಳೆಯ ರೂಪಕ್ಕೂ ಎಷ್ಟು ಸಂಬಂಧ ಅನ್ನುವ ಲೆಕ್ಕ) ತೆಗೆಯಿರಿ. ಅದು ಎಲ್ಲಿ ಸೊನ್ನೆಯ ಹತ್ತಿರ ಇಳಿದು ಅಲ್ಲೇ ನಿಲ್ಲುತ್ತದೋ ಅದಕ್ಕಿಂತ ಆಚೆ ಡಿಲೇ ಇಡಿ. ಹಾಗಂತ ಸೆಕೆಂಡ್‌ಗಟ್ಟಲೆ ಇಡಬೇಡಿ. ಅಷ್ಟು ಹೊತ್ತಿನಲ್ಲಿ ಟೋನ್ ಕೂಡ ಸರಿದುಬಿಟ್ಟಿರುತ್ತದೆ.

ಟ್ಯಾಪ್ ಜಾಸ್ತಿ ಹಾಕಿದಷ್ಟೂ ಒಳ್ಳೇದಲ್ವಾ?

ಟ್ಯಾಪ್ ಅಂದರೆ ಫಿಲ್ಟರ್‌ನ ಒಂದೊಂದು ವೆಯ್ಟ್. ಜಾಸ್ತಿ ಹಾಕುವುದು ಒಳ್ಳೆಯದೇ, ಆದರೆ ಒಂದು ಮಟ್ಟದವರೆಗೆ. ಬಿಳಿ ಗದ್ದಲದಲ್ಲಿ ಒಂದೇ ಟೋನ್ ಇದ್ದರೆ ಗದ್ದಲಕ್ಕೆ ಹೋಲಿಸಿದರೆ ಟೋನ್‌ಗೆ ಸಿಗಬಹುದಾದ ಗರಿಷ್ಠ ಲಾಭ ಟ್ಯಾಪ್ ಸಂಖ್ಯೆಯ ಅರ್ಧ. 64 ಟ್ಯಾಪ್‌ಗೆ 32 ಪಟ್ಟು, ಅಂದರೆ 15 ಡೆಸಿಬೆಲ್. 256ಕ್ಕೆ 21 ಡೆಸಿಬೆಲ್. ಫಿಲ್ಟರ್‌ನ ಅಗಲ ಸುಮಾರು ಸ್ಯಾಂಪಲ್ ದರ ಭಾಗಿಸು ಟ್ಯಾಪ್ ಸಂಖ್ಯೆ. ಸೆಕೆಂಡಿಗೆ 8000 ಸ್ಯಾಂಪಲ್ ದರದಲ್ಲಿ 64 ಟ್ಯಾಪ್ ಅಂದರೆ 125 ಹರ್ಟ್ಸ್.

ಆದರೆ ಪ್ರತಿ ವೆಯ್ಟ್ ಕೂಡ ಒಂದಿಷ್ಟು ಗಲಿಬಿಲಿ ತರುತ್ತದೆ, ನೆಲೆಗೆ ಬರಲು ಹೊತ್ತು ತಗೊಳ್ಳುತ್ತದೆ. ಟೋನ್ ಸರಿಯುತ್ತಿದ್ದರೆ ಉದ್ದದ ಫಿಲ್ಟರ್ ಹಿಂದೆ ಬೀಳುತ್ತದೆ. ಟ್ಯಾಪ್ ಏರಿಸುವ ಮುಂಚೆ ಸ್ಯಾಂಪಲ್ ದರ ಇಳಿಸಲು ಆಗುತ್ತದಾ ನೋಡಿ.

ಮ್ಯೂ 0.1 ಇಟ್ರೆ ಬೇಗ ಕಲಿಯುತ್ತೆ, ಆದ್ರೆ ಟೋನ್ ಕಾಣಲ್ಲ. 0.01 ಇಟ್ರೆ ಕಾಣುತ್ತೆ. ಯಾಕೆ?

ಎನ್‌ಎಲ್‌ಎಂಎಸ್‌ನಲ್ಲಿ ಮ್ಯೂ 0ಯಿಂದ 2ರ ಒಳಗಿದ್ದರೆ ಫಿಲ್ಟರ್ ಹಿಡಿತ ತಪ್ಪುವುದಿಲ್ಲ. ಹಿಡಿತ ತಪ್ಪದಿರುವುದೇ ಬೇರೆ, ಚೆನ್ನಾಗಿ ಕೆಲಸ ಮಾಡುವುದೇ ಬೇರೆ. ಒಂದು ಲೆಕ್ಕ ಮಾಡಿ ನೋಡೋಣ.

ಗದ್ದಲದ ಪವರ್ 1. ಟೋನ್ ಅದಕ್ಕಿಂತ 10 ಡೆಸಿಬೆಲ್ ಕೆಳಗೆ, ಅಂದರೆ 0.1. ಟ್ಯಾಪ್ 64. ವೆಯ್ಟ್‌ಗಳು ಅಲುಗಾಡದೆ ಸರಿಯಾದ ಜಾಗದಲ್ಲಿ ನಿಂತರೆ ಔಟ್‌ಪುಟ್‌ನಲ್ಲಿ ಟೋನ್‌ನ ಪವರ್ 0.058, ಸೋರಿ ಬಂದ ಗದ್ದಲ 0.018. ಟೋನ್ ಗದ್ದಲಕ್ಕಿಂತ 5 ಡೆಸಿಬೆಲ್ ಮೇಲಿದೆ.

ಆದರೆ ವೆಯ್ಟ್‌ಗಳು ಸುಮ್ನೆ ನಿಲ್ಲುವುದಿಲ್ಲ. ಪ್ರತಿ ತಿದ್ದುಪಡಿಯಲ್ಲೂ ಗದ್ದಲ ಸೇರಿರುವುದರಿಂದ ಅವು ನಡುಗುತ್ತಲೇ ಇರುತ್ತವೆ. ಈ ನಡುಕ ಔಟ್‌ಪುಟ್‌ಗೆ ಸೇರಿಸುವ ಗದ್ದಲ, ಗದ್ದಲದ ಪವರ್‌ನ ಹೆಚ್ಚುಕಮ್ಮಿ ಮ್ಯೂ ಅರ್ಧದಷ್ಟು. ಮ್ಯೂ 0.1 ಆದರೆ 0.05. ಒಟ್ಟು ಗದ್ದಲ 0.068 ಆಗಿ ಟೋನ್ ಅನ್ನು ದಾಟಿಬಿಟ್ಟಿತು. ಮ್ಯೂ 0.01 ಆದರೆ 0.005 ಮಾತ್ರ. ಒಟ್ಟು 0.023, ಟೋನ್ ಇನ್ನೂ 4 ಡೆಸಿಬೆಲ್ ಮೇಲೆ. ನೀವು ಕಂಡದ್ದು ಇದನ್ನೇ.

ಬೆಲೆ ಕಟ್ಟುವುದು ಹೊತ್ತಿನಲ್ಲಿ. ಬಿಳಿ ಗದ್ದಲಕ್ಕೆ ವೆಯ್ಟ್‌ಗಳು ನೆಲೆಗೆ ಬರುವ ಕಾಲ ಸುಮಾರು ಟ್ಯಾಪ್ ಸಂಖ್ಯೆ ಭಾಗಿಸು ಮ್ಯೂ. 64 ಟ್ಯಾಪ್, ಮ್ಯೂ 0.01 ಅಂದರೆ 6400 ಸ್ಯಾಂಪಲ್. 8000ದಲ್ಲಿ 0.8 ಸೆಕೆಂಡ್. ದುರ್ಬಲ ಟೋನ್ ಹುಡುಕುವವರು ಮ್ಯೂ ಇಳಿಸಿ ಕಾಯಲೇಬೇಕು.

ಔಟ್‌ಪುಟ್‌ನಲ್ಲಿ ಟೋನ್ ಇರಬೇಕಾದ್ದಕ್ಕಿಂತ ಚಿಕ್ಕದಾಗಿದೆ. ಕೋಡ್ ತಪ್ಪಾ?

ತಪ್ಪಿಲ್ಲ. ಟೋನ್ ದುರ್ಬಲವಾದಷ್ಟೂ ಫಿಲ್ಟರ್ ಅದನ್ನು ಕುಗ್ಗಿಸಿಯೇ ಕೊಡುತ್ತದೆ, ತಪ್ಪು ಕಡಿಮೆ ಆಗುವುದು ಹಾಗೆಯೇ. 64 ಟ್ಯಾಪ್‌ಗೆ 10 ಡೆಸಿಬೆಲ್ ಕೆಳಗಿನ ಟೋನ್‌ನ ಎತ್ತರ 0.76 ಪಟ್ಟು, 20 ಡೆಸಿಬೆಲ್ ಕೆಳಗಿನದ್ದು 0.24 ಪಟ್ಟು. ಹಾಗಾಗಿ ಈ ಔಟ್‌ಪುಟ್‌ನಿಂದ ಟೋನ್‌ನ ನಿಜವಾದ ಎತ್ತರ ಅಳೆಯಬೇಡಿ.

## ರೇಡಿಯೊ ಮತ್ತು ಮೋಟರ್

ನನ್ನ ಸೆಟ್‌ನಲ್ಲಿ ನಾಯ್ಸ್ ರಿಡಕ್ಷನ್, ಆಟೊ ನಾಚ್ ಅಂತ ಎರಡು ಬಟನ್ ಇವೆ. ಎರಡೂ ಇದೇನಾ? ಮೋರ್ಸ್‌ಗೆ ಯಾವುದು?

ಡಿಎಸ್‌ಪಿ (ಸಿಗ್ನಲ್ ಅನ್ನು ಸಂಖ್ಯೆಗಳಾಗಿ ಸಂಸ್ಕರಿಸುವ ಚಿಪ್) ಇರುವ ಎಷ್ಟೋ ಸೆಟ್‌ಗಳಲ್ಲಿ ಎರಡೂ ಒಂದೇ ಲೈನ್ ಎನ್‌ಹಾನ್ಸರ್. ಊಹೆಯನ್ನು ಸ್ಪೀಕರ್‌ಗೆ ಕೊಟ್ಟರೆ ನಾಯ್ಸ್ ರಿಡಕ್ಷನ್. ತಪ್ಪನ್ನು ಕೊಟ್ಟರೆ ಆಟೊ ನಾಚ್: ಮಾತಿನ ಮೇಲೆ ಯಾರೋ ಕ್ಯಾರಿಯರ್ ಬಿಟ್ಟು ಕುಯ್‌ಗುಟ್ಟಿದರೆ ಅದು ಮಾಯ. ಮೋರ್ಸ್ ಕೇಳುವಾಗ ಆಟೊ ನಾಚ್ ಹಾಕಬೇಡಿ, ನಿಮಗೆ ಬೇಕಾದ ಟೋನ್ ಅನ್ನೇ ತಿಂದುಹಾಕುತ್ತದೆ.

ನಿಮಿಷಕ್ಕೆ 20 ಪದದ ವೇಗದಲ್ಲಿ ಒಂದು ಡಾಟ್ 60 ಮಿಲಿಸೆಕೆಂಡ್. 8000ದಲ್ಲಿ 256 ಟ್ಯಾಪ್‌ನ ಫಿಲ್ಟರ್ 32 ಮಿಲಿಸೆಕೆಂಡ್ ಉದ್ದ, ಡಾಟ್‌ಗಳ ಅಂಚು ಮಸುಕಾಗುತ್ತದೆ. 64 ಸಾಕು. ನಿಜ ಹೇಳಬೇಕಂದರೆ, ಯಾವ ಪಿಚ್‌ನಲ್ಲಿ ಕೇಳುತ್ತೀರಿ ಅಂತ ನಿಮಗೇ ಗೊತ್ತಿರುವಾಗ ಆ ಪಿಚ್‌ಗೆ ಕೂರಿಸಿದ ಮಾಮೂಲಿ ಫಿಲ್ಟರ್ ಇದಕ್ಕಿಂತ ಮೇಲು.

ಎಚ್.ಡಿ. ಕೋಟೆ ಕಡೆ ಸೋಲಾರ್ ಬೇಲಿಯ ಸದ್ದು ರೇಡಿಯೊದಲ್ಲಿ ಟಿಕ್ ಟಿಕ್ ಅಂತ ಬರುತ್ತೆ. ಪ್ರತಿ ಟಿಕ್‌ಗೂ ಫಿಲ್ಟರ್ ಕಲಿತಿದ್ದೆಲ್ಲ ಮರೆತುಬಿಡುತ್ತೆ.

ಬೇಲಿಯ ಎನರ್ಜೈಸರ್ ಸುಮಾರು ಸೆಕೆಂಡಿಗೊಮ್ಮೆ ಒಂದು ಚಿಕ್ಕ, ಜೋರಾದ ಪಲ್ಸ್ ಬಿಡುತ್ತದೆ. ಎನ್‌ಎಲ್‌ಎಂಎಸ್ ಪವರ್‌ನಿಂದ ಭಾಗಿಸುತ್ತದಲ್ಲ, ಇದನ್ನು ತಡೆಯಬೇಕಿತ್ತಲ್ವಾ ಅಂತ ಅನ್ನಿಸುವುದು ಸಹಜ. ತಡೆಯುವುದಿಲ್ಲ. ಪಲ್ಸ್ ಬಂದ ಗಳಿಗೆಯಲ್ಲಿ ಅದು ಈಗಿನ ಸ್ಯಾಂಪಲ್‌ನಲ್ಲಿದೆ, ಹಾಗಾಗಿ ತಪ್ಪು ವಿಪರೀತ ದೊಡ್ಡದು. ಭಾಗಿಸುವ ಮೊತ್ತ ಮಾತ್ರ ಡಿಲೇ ಆಚೆಗಿನ ಹಳೆಯ ಸ್ಯಾಂಪಲ್‌ಗಳದ್ದು, ಅಲ್ಲಿಗೆ ಪಲ್ಸ್ ಇನ್ನೂ ತಲುಪಿಲ್ಲ. ದೊಡ್ಡ ತಪ್ಪು ನೇರವಾಗಿ ವೆಯ್ಟ್‌ಗಳಿಗೆ ಬಡಿಯುತ್ತದೆ.

ಪರಿಹಾರ ಸುಲಭ. ತಪ್ಪಿನ ಮಾಮೂಲಿ ಗಾತ್ರವನ್ನು ಮೀಡಿಯನ್‌ನಿಂದ (ನಡುವಿನ ಬೆಲೆಯಿಂದ) ನೋಡಿಕೊಂಡಿರಿ. ಅದರ ಮೂರು ನಾಲ್ಕು ಪಟ್ಟು ದಾಟಿದ ತಪ್ಪನ್ನು ಅಲ್ಲಿಗೇ ಕತ್ತರಿಸಿ, ಆಮೇಲೆ ವೆಯ್ಟ್ ತಿದ್ದಿ. ಫಿಲ್ಟರ್‌ಗೆ ಮುಂಚೆ ಪಲ್ಸ್ ಬಂದ ಗಳಿಗೆಯಷ್ಟೇ ಸಿಗ್ನಲ್ ಮುಚ್ಚುವ ಒಂದು ನಾಯ್ಸ್ ಬ್ಲಾಂಕರ್ ಇದ್ದರೆ ಇನ್ನೂ ಒಳ್ಳೆಯದು.

ಗದ್ದೆ ಮೋಟರ್ ಸುಡೋ ಮುಂಚೆ ಕರೆಂಟ್ ನೋಡಿ ಗೊತ್ತು ಮಾಡಬಹುದಂತೆ, ಹೌದಾ?

ಮಂಡ್ಯ ಕಡೆಯಿಂದ ಬರುವ ಈ ಪ್ರಶ್ನೆ ನನಗೆ ಬಹಳ ಇಷ್ಟ. ಕಬ್ಬಿಗೆ ನೀರು ಬೇಕಾದ ಹೊತ್ತಿನಲ್ಲೇ ಮೋಟರ್ ಕೈಕೊಟ್ಟರೆ ಏನಾಗುತ್ತದೆ ಅಂತ ರೈತರಿಗೆ ಹೇಳಬೇಕಿಲ್ಲ. ಎಲ್ಲ ರೋಗವೂ ಕರೆಂಟ್‌ನಲ್ಲಿ ಕಾಣುವುದಿಲ್ಲ. ಇನ್ಸುಲೇಶನ್ ಹೋಗಿ ವೈಂಡಿಂಗ್ ಸುಡುವುದನ್ನು ಈ ದಾರಿಯಲ್ಲಿ ಮೊದಲೇ ಹೇಳಲಾಗುವುದಿಲ್ಲ. ಆದರೆ ರೋಟರ್ ಬಾರ್ (ತಿರುಗುವ ಭಾಗದೊಳಗಿನ ಲೋಹದ ಸರಳು) ಮುರಿದಿದ್ದರೆ ಅದಕ್ಕೆ ಸ್ಪಷ್ಟ ಗುರುತಿದೆ.

ನಾಲ್ಕು ಪೋಲ್ ಮೋಟರ್ ತಗೊಳ್ಳಿ. ಸಿಂಕ್ರೊನಸ್ ವೇಗ, ಅಂದರೆ ಒಳಗಿನ ಕಾಂತಕ್ಷೇತ್ರ ತಿರುಗುವ ವೇಗ, ನಿಮಿಷಕ್ಕೆ 1500 ಸುತ್ತು, ಲೋಡ್‌ನಲ್ಲಿ ತಿರುಗುವುದು 1440. ಹೀಗೆ ಹಿಂದೆ ಬೀಳುವುದೇ ಸ್ಲಿಪ್, ಇಲ್ಲಿ ನೂರಕ್ಕೆ 4. ಬಾರ್ ಮುರಿದರೆ 50 ಹರ್ಟ್ಸ್‌ನ ಎರಡೂ ಪಕ್ಕದಲ್ಲಿ, ಸ್ಲಿಪ್‌ನ (50ರ ನೂರಕ್ಕೆ 4, ಅಂದರೆ 2 ಹರ್ಟ್ಸ್) ಎರಡರಷ್ಟು ದೂರದಲ್ಲಿ, ಕರೆಂಟ್‌ನ ಫ್ರೀಕ್ವೆನ್ಸಿ ಚಿತ್ರದಲ್ಲಿ ಗೆರೆ, ಅಂದರೆ ಸಣ್ಣ ಟೋನ್, ಏಳುತ್ತದೆ. ಇಲ್ಲಿ 46 ಮತ್ತು 54. ಆ ಗೆರೆ 50 ಹರ್ಟ್ಸ್‌ಗಿಂತ 40 ಡೆಸಿಬೆಲ್ ಕೆಳಗಿರಬಹುದು, ಅಂದರೆ ನೂರರಲ್ಲಿ ಒಂದು ಪಾಲು ಎತ್ತರ.

ನೇರವಾಗಿ ಲೈನ್ ಎನ್‌ಹಾನ್ಸರ್ ಹಚ್ಚಿದರೆ ಸೋಲುತ್ತೀರಿ. ಅದು 50 ಹರ್ಟ್ಸ್ ಅನ್ನೇ ಹಿಡಿದು ಕೂರುತ್ತದೆ, ಪಕ್ಕದ ಸಣ್ಣ ಗೆರೆಯನ್ನು ಕಲಿಯಲು ವಿಪರೀತ ಹೊತ್ತು ತಗೊಳ್ಳುತ್ತದೆ. ಮೊದಲು 50 ಅನ್ನು ಕಳೆಯಬೇಕು. 50ಕ್ಕೆ ಕೂರಿಸಿದ ಕಿರಿದಾದ ಮಾಮೂಲಿ ನಾಚ್ (ಒಂದೇ ಫ್ರೀಕ್ವೆನ್ಸಿ ಕಳೆಯುವ ಫಿಲ್ಟರ್) ಸಾಲದು, ಏಕೆಂದರೆ ಗ್ರಿಡ್ ಫ್ರೀಕ್ವೆನ್ಸಿ ಸರಿಯಾಗಿ 50ರಲ್ಲೇ ನಿಲ್ಲುವುದಿಲ್ಲ. ನಮ್ಮ ದೇಶದ ಗ್ರಿಡ್ ಕೋಡ್ ಪ್ರಕಾರವೇ 49.90ರಿಂದ 50.05ರವರೆಗೆ ಓಡಾಡಬಹುದು. ಒಂದು ಸಣ್ಣ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್‌ನಿಂದ ಲೈನ್ ವೋಲ್ಟೇಜ್‌ನ ಮಾದರಿ ತಗೊಂಡು ಅದನ್ನೇ ಎರಡನೆಯ ಸೆನ್ಸರ್ ಮಾಡಿ. ಗ್ರಿಡ್ ಎತ್ತ ಸರಿದರೂ ಫಿಲ್ಟರ್ ಹಿಂದೆಯೇ ಹೋಗಿ ಕಳೆಯುತ್ತದೆ.

46 ಮತ್ತು 50 ಬೇರೆಯಾಗಿ ಕಾಣಲು ಕಾಲು ಸೆಕೆಂಡಾದರೂ ಬೇಕು. ಒಂದೆರಡು ಸೆಕೆಂಡ್ ಇದ್ದರೆ ನೆಮ್ಮದಿ. 8000ದಲ್ಲಿ ಅದು ಸಾವಿರಾರು ಟ್ಯಾಪ್. ಮೇಲಿನ ಫ್ರೀಕ್ವೆನ್ಸಿಗಳನ್ನು ಫಿಲ್ಟರ್ ಮಾಡಿ ಸ್ಯಾಂಪಲ್ ದರವನ್ನು 200ಕ್ಕೆ ಇಳಿಸಿದರೆ 200ರಿಂದ 400 ಟ್ಯಾಪ್ ಸಾಕು.

ಮೋಟರ್ ಪೂರ್ತಿ ಲೋಡ್‌ನಲ್ಲಿರುವಾಗಲೇ ಅಳೆಯಿರಿ. ಲೋಡ್ ಕಡಿಮೆಯಾಗಿ ಸ್ಲಿಪ್ ನೂರಕ್ಕೆ 1ಕ್ಕೆ ಇಳಿದರೆ ಗೆರೆಗಳು 49 ಮತ್ತು 51ಕ್ಕೆ ಬಂದು 50ಕ್ಕೆ ಅಂಟಿಕೊಳ್ಳುತ್ತವೆ. ಪಂಪ್ ಲೋಡ್ ಏರಿಳಿದರೂ ಇಂಥದೇ ಗೆರೆ ಬರಬಹುದು, ಆದ್ದರಿಂದ ಅದೇ ಮೋಟರನ್ನು ತಿಂಗಳು ತಿಂಗಳು ಹೋಲಿಸಿ ನೋಡುವುದು ಸರಿಯಾದ ದಾರಿ. ಇನ್ನೊಂದು ಮಾತು, ಇದು ಜೀವದ ಪ್ರಶ್ನೆ: ಸ್ಟಾರ್ಟರ್ ಒಳಗೆ ನೀವೇ ಕೈಹಾಕಬೇಡಿ, ಎಲೆಕ್ಟ್ರಿಷಿಯನ್ ಜೊತೆ ಇರಲಿ. ವೈರ್ ಮೇಲೆ ಕ್ಲ್ಯಾಂಪ್ ಮಾಡುವ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಬಳಸಿ, ಅದರ ಔಟ್‌ಪುಟ್ ತುದಿಗಳನ್ನು ಎಂದೂ ತೆರೆದಿಡಬೇಡಿ.

## ಇನ್ನೂ ಆಳಕ್ಕೆ

ಎಫ್‌ಎಫ್‌ಟಿ ಹಾಕಿದ್ರೆ ಸಾಕಲ್ವಾ? ಇಷ್ಟೆಲ್ಲ ಯಾಕೆ?

ಎಫ್‌ಎಫ್‌ಟಿ ಅಂದರೆ ಸಿಗ್ನಲ್‌ನಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ಬಿಡಿಸಿ ತೋರಿಸುವ ಲೆಕ್ಕ. ಎಷ್ಟೋ ಸಲ ಅದೇ ಸಾಕು. ಟೋನ್ ಸ್ಥಿರವಾಗಿದ್ದು, ಗದ್ದಲ ಬಿಳಿಯಾಗಿದ್ದು, ಡೇಟಾ ಪೂರ್ತಿ ಕೈಯಲ್ಲಿದ್ದರೆ ಎಫ್‌ಎಫ್‌ಟಿಯ ಅತಿ ಎತ್ತರದ ಗೆರೆ ಹುಡುಕುವುದೇ ಅತ್ಯುತ್ತಮ, ಲೈನ್ ಎನ್‌ಹಾನ್ಸರ್ ಅದನ್ನು ಸೋಲಿಸಲಾರದು. ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಇದಕ್ಕೆ ವಿರುದ್ಧವಾಗಿ ಬರೆದಿದ್ದರೆ ಹೋಲಿಕೆಯಲ್ಲಿ ಏನೋ ತಪ್ಪಿದೆ. ಒಂದಕ್ಕೆ 1 ಸೆಕೆಂಡ್ ಡೇಟಾ, ಇನ್ನೊಂದಕ್ಕೆ 10 ಸೆಕೆಂಡ್ ಕೊಟ್ಟಿರುತ್ತಾರೆ.

ಅಡಾಪ್ಟಿವ್ ಫಿಲ್ಟರ್ ಬೇಕಾಗುವುದು ಔಟ್‌ಪುಟ್ ಕಿವಿಗೆ ಕೇಳಬೇಕಾದಾಗ, ಟೋನ್ ನಿಧಾನವಾಗಿ ಸರಿಯುವಾಗ, ಅಥವಾ ಬೇಡದ ಟೋನ್ ಕಳೆದು ಮಿಕ್ಕಿದ್ದನ್ನು ಉಳಿಸಿಕೊಳ್ಳಬೇಕಾದಾಗ.

ಗೆರೆ ಕಾಣುತ್ತೆ ಸರ್. ಸಿಗ್ನಲ್ ಪತ್ತೆಯಾಯ್ತು ಅಂತ ಬರೆಯಬಹುದಾ?

ಇಲ್ಲ, ಇನ್ನೂ ಇಲ್ಲ. ಫಿಲ್ಟರ್ ಟೋನ್ ಅನ್ನು ಎತ್ತಿ ತೋರಿಸುತ್ತದೆ ಅಷ್ಟೇ. ಪತ್ತೆ ಅಂದರೆ ಒಂದು ತೀರ್ಮಾನ. ಆ ತೀರ್ಮಾನ ಎಷ್ಟು ಸಲ ಸುಳ್ಳಾಗುತ್ತದೆ ಅಂತ ಹೇಳದಿದ್ದರೆ ಅದಕ್ಕೆ ಬೆಲೆಯಿಲ್ಲ.

ಮೊದಲು ಬರೀ ಗದ್ದಲವನ್ನು ಅದೇ ಫಿಲ್ಟರ್‌ಗೆ, ಅದೇ ಸೆಟ್ಟಿಂಗ್‌ನಲ್ಲಿ ಹಾಕಿ. ಸಾವಿರ ತುಂಡುಗಳಲ್ಲಿ ಹತ್ತು ಮಾತ್ರ ದಾಟುವಷ್ಟು ಎತ್ತರಕ್ಕೆ ಮಿತಿ ಇಟ್ಟರೆ ಸುಳ್ಳು ಎಚ್ಚರಿಕೆ ನೂರಕ್ಕೆ ಒಂದು. ಇಲ್ಲೊಂದು ಗುಂಡಿ ಇದೆ. ನೀವು 512 ಫ್ರೀಕ್ವೆನ್ಸಿಗಳನ್ನು ನೋಡುತ್ತಾ ಪ್ರತಿಯೊಂದಕ್ಕೂ ನೂರಕ್ಕೆ ಒಂದು ಅಂತ ಇಟ್ಟರೆ, ಪ್ರತಿ ಸಲ ನೋಡಿದಾಗಲೂ ಸರಾಸರಿ ಐದು ಸುಳ್ಳು ಗೆರೆ ಸಿಗುತ್ತವೆ. ಪೂರ್ತಿ ಚಿತ್ರದ ಅತಿ ಎತ್ತರದ ಗೆರೆಗೇ ಮಿತಿ ಇಡಿ. ಗದ್ದಲದ ಮಟ್ಟ ಏರಿಳಿಯುವ ಕಡೆ ಪಕ್ಕದ ಫ್ರೀಕ್ವೆನ್ಸಿಗಳ ಮೀಡಿಯನ್‌ಗೆ ಹೋಲಿಸಿ. ಆಮೇಲೆ ಗೊತ್ತಿರುವ ದುರ್ಬಲ ಟೋನ್ ಸೇರಿಸಿ ಎಷ್ಟು ಸಲ ಹಿಡಿಯುತ್ತದೆ ನೋಡಿ. ಈ ಎರಡು ಸಂಖ್ಯೆ ಇಲ್ಲದ ರಿಪೋರ್ಟ್ ಅನ್ನು ನಾನು ಒಪ್ಪುವುದಿಲ್ಲ.

ಆರ್‌ಎಲ್‌ಎಸ್ ಬೇಗ ಕಲಿಯುತ್ತಂತಲ್ಲ, ಅದನ್ನೇ ಹಾಕಿದ್ರೆ?

ಆರ್‌ಎಲ್‌ಎಸ್ ಅನ್ನುವುದು ವೆಯ್ಟ್ ತಿದ್ದುವ ಇನ್ನೊಂದು ವಿಧಾನ. ಬೇಗ ಕಲಿಯುವುದು ನಿಜ. ಲೆಕ್ಕದ ಹೊರೆ ಟ್ಯಾಪ್ ಸಂಖ್ಯೆಯ ವರ್ಗದಂತೆ ಏರುತ್ತದೆ. ಅದರ ನೆನಪನ್ನು ಫರ್ಗೆಟಿಂಗ್ ಫ್ಯಾಕ್ಟರ್ ನಿರ್ಧರಿಸುತ್ತದೆ: 0.99 ಅಂದರೆ ಸುಮಾರು 100 ಸ್ಯಾಂಪಲ್, 0.999 ಅಂದರೆ 1000. 64 ವೆಯ್ಟ್‌ಗಳನ್ನು ನೂರೇ ಸ್ಯಾಂಪಲ್‌ನಿಂದ ಅಂದಾಜು ಮಾಡಿದರೆ ಹೆಚ್ಚುವರಿ ಗದ್ದಲ ಮೂರರಲ್ಲೊಂದು ಪಾಲಿನಷ್ಟಾಗುತ್ತದೆ. ದುರ್ಬಲ ಟೋನ್ ಅಲ್ಲೇ ಮುಳುಗಿತು. 0.999 ಇಟ್ಟರೆ ನೂರಕ್ಕೆ ಮೂರರಷ್ಟು. ಗದ್ದಲ ಹೆಚ್ಚಿರುವಾಗ ಕಾಯದೆ ಗತಿಯಿಲ್ಲ, ಯಾವ ವಿಧಾನ ಆದರೂ.

ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತೆ. 16 ಬಿಟ್ ಚಿಪ್‌ಗೆ ಹಾಕಿದ್ರೆ ಕಲಿಯೋದೇ ನಿಂತುಹೋಗುತ್ತೆ.

ವೇಗ ಕಾರಣವಲ್ಲ. 64 ಟ್ಯಾಪ್, 8000 ಸ್ಯಾಂಪಲ್ ಅಂದರೆ ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಗುಣಾಕಾರ. ಇಎಸ್‌ಪಿ32ನಂಥ ಸಾಧಾರಣ ಬೋರ್ಡ್ ಕೂಡ ಮಾಡುತ್ತದೆ.

ಕಾರಣ ದುಂಡಾಗಿಸುವಿಕೆ. ಮ್ಯೂ ಚಿಕ್ಕದು, ತಪ್ಪು ಚಿಕ್ಕದು, ಎರಡನ್ನೂ ಗುಣಿಸಿದರೆ 16 ಬಿಟ್‌ನ ಕೊನೆಯ ಬಿಟ್‌ಗಿಂತ ಚಿಕ್ಕದಾಗಿ ಸೊನ್ನೆಯಾಗುತ್ತದೆ. ವೆಯ್ಟ್ ಅಲುಗುವುದೇ ಇಲ್ಲ. ವೆಯ್ಟ್‌ಗಳನ್ನು 32 ಬಿಟ್‌ನಲ್ಲಿ ಇಟ್ಟುಕೊಳ್ಳಿ, ಗುಣಿಸುವಾಗ ಮಾತ್ರ ಮೇಲಿನ 16 ಬಿಟ್ ಬಳಸಿ. ಮ್ಯೂ ಏರಿಸಿ ಸರಿಮಾಡಲು ಹೋಗಬೇಡಿ, ನಡುಕ ಹೆಚ್ಚಾಗಿ ಟೋನ್ ಮತ್ತೆ ಮುಳುಗುತ್ತದೆ.